ಗ್ರೀನ್ ಟೀ ಕುದಿಸಬ್ಯಾಡ್ರಿ, ಊಟದ ಜೋಡಿ ಕುಡೀಬ್ಯಾಡ್ರಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಹುಣಸಗಿಯಿಂದ ಮಾತಾಡ್ಲಿಕತ್ತೀನಿ. ಇಯರ್‌ಫೋನ್ ಹಾಕ್ಕೊಂಡು ಬಸ್ಸಿನ್ಯಾಗ ಕುಂತಿರ್ರಿ, ಕಾಲೇಜ್ ಮುಗಿಸಿ ಮನಿ ಕಡೆ ನಡದಿರ್ರಿ, ಇಲ್ಲಾ ರಾತ್ರಿ ಮಾಳಿಗಿ ಮ್ಯಾಲ ಮಲಗಿ ಕೇಳ್ತಿರ್ರಿ, ಇವತ್ತಿನ ಮಾತು ಪೂರ್ತಿ ಒಂದು ಕಪ್ಪಿನ ಬಗ್ಗೆ. ಹಾಲಿಲ್ಲದ, ಸಕ್ಕರಿ ಇಲ್ಲದ, ಕುಡಿಯೋವಾಗ ಮುಖ ಕಿವಿಚೋ ಹಂಗ ಮಾಡೋ ಗ್ರೀನ್ ಟೀ.

ಈ ವಿಷಯ ಯಾಕ ತಗೊಂಡೆ ಅಂದ್ರ, ಈಗ ನಮ್ಮೂರಿನಂಥ ಊರಿನಾಗ ಗ್ರೀನ್ ಟೀ ಡಬ್ಬಿ ಎರಡು ಕಡೆ ಸಿಗ್ತದ. ಕಿರಾಣಿ ಅಂಗಡಿಯೊಳಗ ಬಿಸ್ಕಿಟ್ ಪ್ಯಾಕಿನ ಪಕ್ಕ ಒಂದು. ಮೆಡಿಕಲ್ ಶಾಪಿನೊಳಗ ಪ್ರೋಟೀನ್ ಪೌಡರ್ ಪಕ್ಕ ಇನ್ನೊಂದು. ಅಂದ್ರ ಮಾರೋರಿಗೇ ಇದು ಚಾನೋ ಔಷಧಾನೋ ಅನ್ನೋದು ಬಗೆಹರಿದಿಲ್ಲ. ಕುಡಿಯೋ ನಮಗೂ ಬಗೆಹರಿದಿಲ್ಲ. ಔಷಧ ಅನ್ಕೊಂಡೋರು ಮೂಗು ಹಿಡ್ಕೊಂಡು ಕಷಾಯದ ಹಂಗ ನುಂಗ್ತಾರ. ಚಾ ಅನ್ಕೊಂಡೋರು ಬೋಗುಣಿಯೊಳಗ ಹಾಕಿ ಹತ್ತು ನಿಮಿಷ ಕುದಿಸ್ತಾರ, ಮ್ಯಾಲ ಎರಡು ಚಮಚ ಸಕ್ಕರಿ ಹಾಕ್ತಾರ. ಇಬ್ಬರಿಗೂ ರುಚಿ ಸಿಗಂಗಿಲ್ಲ.

ಕೇಳುಗರಿಂದ ಬರೋ ಪ್ರಶ್ನೆ ಮೂರು. ಒಂದು, ಇದನ್ನ ಕುಡಿದ್ರ ತೂಕ ಇಳಿತದೇನು? ಎರಡು, ಇಷ್ಟು ಕಹಿ ಯಾಕ? ಮೂರನೇದನ್ನ ಬಹಳ ಕಡಿಮೆ ಮಂದಿ ಕೇಳ್ತಾರ: ಊಟ ಆದ ಕೂಡಲೇ ಕುಡೀಬಹುದಾ? ನಮ್ಮ ಜಿಲ್ಲೆ ಮಟ್ಟಿಗೆ ಹೇಳೋದಾದ್ರ ಈ ಮೂರನೇ ಪ್ರಶ್ನೆನೇ ಎಲ್ಲಕ್ಕಿಂತ ದೊಡ್ಡದು. ಅದಕ್ಕ ಬರೋಣ. ಮೊದಲು ಎಲಿ ಬಗ್ಗೆ.

ಚಾ ಅನ್ನೋ ಮಾತೇ ಚೀನಾದ್ದು

ಬೆಂಗಳೂರಿನ ಕಡೆ ಟೀ ಅಂತಾರ, ನಾವು ಚಾ ಅಂತೀವಿ. ಯಾರು ಸರಿ? ಇಬ್ಬರೂ ಸರಿ, ಎರಡೂ ಚೀನಾದಿಂದ ಬಂದ ಮಾತು. ಚೀನಾದ ಬಹುಪಾಲು ಭಾಗದಾಗ ಈ ಎಲಿಗೆ ‘ಚಾ’ ಅಂತನೇ ಹೆಸರು. ಅದು ನೆಲದ ದಾರಿಯಿಂದ ಪರ್ಷಿಯಾ ಕಡೆ ಹೋಗಿ ಚಾಯ್ ಆಯ್ತು, ನಮ್ಮ ಬಾಯೊಳಗ ಚಹಾ, ಚಾ ಆಯ್ತು. ಚೀನಾದ ಫುಜಿಯಾನ್ ಕರಾವಳಿಯ ಮಂದಿ ಮಾತ್ರ ಅದಕ್ಕ ‘ತೆ’ ಅಂತಿದ್ರು. ಡಚ್ಚರು ಅಲ್ಲಿಂದ ಹಡಗು ತುಂಬಿಸ್ಕೊಂಡು ಯುರೋಪಿಗೆ ಒಯ್ದ್ರು, ಅದು ಟೀ ಆಯ್ತು. ಅಂದ್ರ ಚೌಕಿನ ಹೋಟೆಲಿನ್ಯಾಗ ‘ಅಣ್ಣಾ, ಎರಡು ಚಾ’ ಅಂತ ಕೂಗಿದಾಗ ನಾವು ಚೀನೀ ಮಾತೇ ಆಡ್ತಿರ್ತೀವಿ.

ಇನ್ನೊಂದು ಗೊತ್ತಿರಲಿ. ಗ್ರೀನ್ ಟೀ ಬ್ಯಾರೆ ಗಿಡದ್ದು ಅಂತ ಭಾಳ ಮಂದಿ ತಿಳ್ಕೊಂಡಾರ. ಅಲ್ಲ. ನಾವು ದಿನಾ ಕುಡಿಯೋ ಖಡಕ್ ಚಾ ಯಾವ ಗಿಡದ್ದೋ ಇದೂ ಅದೇ ಗಿಡದ್ದು. ಕೆಮೇಲಿಯಾ ಸೈನೆನ್ಸಿಸ್ ಅದರ ಹೆಸರು. ಯುರೋಪಿನವರಿಗೂ ಬಹಳ ಕಾಲ ಇದು ಗೊತ್ತಿರಲಿಲ್ಲ. 1840ರ ದಶಕದಲ್ಲಿ ರಾಬರ್ಟ್ ಫಾರ್ಚೂನ್ ಅನ್ನೋ ಸ್ಕಾಟ್ಲೆಂಡಿನ ಸಸ್ಯತಜ್ಞ ಚೀನಾದೊಳಗ ಓಡಾಡಿ, ಹಸಿರು ಚಾ ಕಪ್ಪು ಚಾ ಎರಡೂ ಒಂದೇ ಗಿಡದಿಂದ ಮಾಡ್ತಾರ ಅಂತ ಬರೆದ. ಮುಂದ ಈಸ್ಟ್ ಇಂಡಿಯಾ ಕಂಪನಿ ಪರವಾಗಿ ಚೀನಾದ ಚಹಾ ಸಸಿ, ಬೀಜ, ಕೆಲಸಗಾರರನ್ನ ಹಿಮಾಲಯದ ತೋಟಗಳಿಗೆ ಕರ್ಕೊಂಡು ಬಂದವನೂ ಅವನೇ. ಇವತ್ತು ಜಗತ್ತಿನಾಗ ಚಹಾ ಬೆಳೆಯೋದರಲ್ಲಿ ಚೀನಾ ಮೊದಲು, ಭಾರತ ಎರಡನೇದು. ಕರ್ನಾಟಕದಾಗೂ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಂಥ ಕಡೆ ಕಾಫಿ ಸೀಮೆ ನಡುವೆ ಚಹಾ ತೋಟ ಅದ.

ಹೆಚ್ಚಿಟ್ಟ ಬದನಿಕಾಯಿ ಕಪ್ಪಾಗೋದು ಯಾಕ?

ಗಿಡ ಒಂದೇ ಅಂದಮ್ಯಾಲ ಬಣ್ಣ ಯಾಕ ಬ್ಯಾರೆ? ಇದಕ್ಕ ಉತ್ತರ ನಿಮ್ಮ ಅಡಿಗಿ ಮನಿಯೊಳಗೇ ಅದ. ಎಣ್ಣಿಗಾಯಿಗೆ ಅಂತ ಬದನಿಕಾಯಿ ಹೆಚ್ಚಿ ಹಂಗೇ ಬಿಟ್ರ ಹತ್ತು ನಿಮಿಷದಾಗ ಕಪ್ಪಾಗ್ತದ. ಕಾಯಿಯೊಳಗಿನ ಒಂದು ಕಿಣ್ವ ಗಾಳಿ ಜೋಡಿ ಸೇರಿ ಆ ಕೆಲಸ ಮಾಡ್ತದ. ಚಹಾ ಎಲಿಯೊಳಗೂ ಅಂಥದ್ದೇ ಕಿಣ್ವ ಅದ. ಎಲಿ ಕಿತ್ತು, ಹಿಸುಕಿ, ಗಾಳಿಗೆ ಬಿಟ್ರ ಅದು ಕಂದಾಗಿ ಕಪ್ಪಾಗ್ತದ. ನಮ್ಮ ಚಾಪುಡಿ ತಯಾರಾಗೋದು ಹಂಗ.

ಗ್ರೀನ್ ಟೀ ಮಾಡೋರು ಈ ಕೆಲಸಾನ ಆರಂಭದಾಗೇ ನಿಲ್ಲಿಸ್ತಾರ. ಚೀನಾದೊಳಗ ಕಿತ್ತ ಎಲಿಯನ್ನ ಸ್ವಲ್ಪ ಬಾಡಿಸಿ, ಕಾದ ಕಬ್ಬಿಣದ ಬಾಣಲಿಗೆ ಹಾಕಿ ಕೈಯಿಂದ ಆಡಿಸ್ತಾ ಹುರೀತಾರ. ಬಿಸಿಗೆ ಕಿಣ್ವ ಸಾಯ್ತದ, ಹಸಿರು ಉಳೀತದ. ಜಪಾನಿನವರು ಹುರಿಯೋ ಬದಲು ಹಬೆಯಲ್ಲಿ ಬೇಯಿಸ್ತಾರ. ಅದಕ್ಕ ಚೀನಾದ ಗ್ರೀನ್ ಟೀ ಕುಡಿದ್ರ ಹುರಿದ ಕಾಳಿನ ವಾಸನೆ, ಜಪಾನಿಂದು ಕುಡಿದ್ರ ಹಸಿ ಪಲ್ಯದ ವಾಸನೆ. ಚೀನಾದ ಹಾಂಗ್‌ಝೌ ಊರಿನ ಲಾಂಗ್‌ಜಿಂಗ್ ಚಾ ಹಿಂಗ ಬಾಣಲಿಯೊಳಗ ಒತ್ತಿ ಹುರಿದ, ಚಪ್ಪಟಿ ಎಲಿಯ ಚಾ. ಏಪ್ರಿಲ್ ಮೊದಲ ವಾರ ಬರೋ ಚಿಂಗ್‌ಮಿಂಗ್ ದಿನಕ್ಕಿಂತ ಮೊದಲು ಕಿತ್ತ ಚಿಗುರಿಗೆ ಅಲ್ಲಿ ಭಾರಿ ಬೆಲೆ. ಚೀನಾದ ಈ ಸಾಂಪ್ರದಾಯಿಕ ಚಹಾ ತಯಾರಿಕೆ 2022ರಲ್ಲಿ ಯುನೆಸ್ಕೋದ ಪಾರಂಪರಿಕ ಪಟ್ಟಿಗೂ ಸೇರ್ತು.

ನಮ್ಮ ಅಂಗಡಿಗೆ ಲಾಂಗ್‌ಜಿಂಗ್ ಬರಂಗಿಲ್ಲ, ಬರೋದು ಹೆಚ್ಚಾಗಿ ಅಸ್ಸಾಂ ಇಲ್ಲಾ ನೀಲಗಿರಿ ಎಲಿ. ಅದರಿಂದೇನೂ ತೊಂದರೆ ಇಲ್ಲ. ಮಾಡೋ ಪದ್ಧತಿ ಚೀನಾದ್ದಿರಲಿ.

ಕುದಿಸೋ ಚಾ ಬ್ಯಾರೆ, ನೆನೆಸೋ ಚಾ ಬ್ಯಾರೆ

ನಮ್ಮ ಮನಿ ಚಾ ಅಂದ್ರ ಕುದಿಸೋ ಚಾ. ಗಟ್ಟಿ ಪುಡಿ, ಹಾಲು, ಸಕ್ಕರಿ, ಶುಂಠಿ ಎಲ್ಲಾ ಕೂಡಿ ಕುದೀಬೇಕು, ಉಕ್ಕಬೇಕು. ಹಾಲು ಇರೋದ್ರಿಂದ ಒಗರು ತಡೀತದ. ಗ್ರೀನ್ ಟೀ ಹಂಗಲ್ಲ. ಇದು ನೆನೆಸೋ ಚಾ.

ಎಲಿಯೊಳಗ ಮುಖ್ಯವಾಗಿ ಮೂರು ವಸ್ತು ಅವ. ಕೆಟೆಚಿನ್ ಅನ್ನೋದು ಒಗರು. ಕೆಫೀನ್ ಕಹಿ. ಥಿಯನಿನ್ ಅನ್ನೋದು ನಾಲಿಗೆಗೆ ಹಿತ ಅನಿಸೋ ಸಣ್ಣ ಸವಿ. ಥಿಯನಿನ್ ಕಡಿಮೆ ಬಿಸಿಗೂ ನೀರಿಗೆ ಇಳೀತದ. ಒಗರು, ಕಹಿ ಜೋರಾಗಿ ಇಳಿಯೋದು ನೀರು ಕೊತಕೊತ ಅನ್ನೋವಾಗ. ಕುದಿಯೋ ನೀರು ಹಾಕಿದ್ರಿ ಅಂದ್ರ ಸವಿ ಮುಚ್ಚಿ ಹೋಗಿ ಒಗರು ಒಂದೇ ಮ್ಯಾಲ ಬರ್ತದ. ‘ಕಹಿ ಯಾಕ’ ಅನ್ನೋ ಪ್ರಶ್ನೆಗೆ ಉತ್ತರ ಇಷ್ಟೇ: ನೀರು ಬಹಳ ಬಿಸಿ, ಹೊತ್ತು ಬಹಳ ಹೆಚ್ಚು.

ಬೇಕಾದ ಬಿಸಿ 80 ಡಿಗ್ರಿ ಹತ್ತಿರ. ಥರ್ಮಾಮೀಟರ್ ಎಲ್ಲಿಂದ ತರೋದು? ಬ್ಯಾಡ. ಸಾವಿರದ ಇನ್ನೂರು ವರ್ಷದ ಹಿಂದೆ, ಲೂ ಯೂ ಅನ್ನೋ ಚೀನೀ ಪಂಡಿತ ಚಹಾ ಮ್ಯಾಲ ಒಂದು ಪುಸ್ತಕ ಬರೆದಾನ. ಅದರಾಗ ನೀರಿನ ಗುಳ್ಳಿ ನೋಡಿ ಬಿಸಿ ಅಳೆಯೋದು ಹೇಳ್ತಾನ. ಮೊದಲು ಮೀನಿನ ಕಣ್ಣಿನಂಥ ಸಣ್ಣ ಗುಳ್ಳಿ, ಆಮ್ಯಾಲ ಅಂಚಿನಿಂದ ಮುತ್ತಿನ ಸರದಂಥ ಗುಳ್ಳಿ, ಕೊನಿಗೆ ತೆರಿ ಎದ್ದಂಗ ಕುದಿ. ನಮ್ಮ ಕೆಲಸಕ್ಕ ಮೀನಿನ ಕಣ್ಣು ಸಾಕು.

ಆದ್ರ ನಮ್ಮ ಕಡೆ ನೀರನ್ನ ಒಮ್ಮೆ ಪೂರ್ತಿ ಕುದಿಸೋದೇ ಒಳ್ಳೇದು. ಹಂಗಾದ್ರ ಬಿ.ಕಾಂ.ನವರ ಲೆಕ್ಕ ಕೇಳ್ರಿ. ವೇಟೆಡ್ ಆವರೇಜ್ ಅಂತ ಕಲ್ತಿದ್ವಲ್ಲ, ಅದೇ. ಮೂರು ಪಾಲು ಕುದಿಯೋ ನೀರು, ಅಂದ್ರ 100 ಡಿಗ್ರಿ. ಒಂದು ಪಾಲು ಕುದಿಸಿ ಆರಿಸಿದ ನೀರು, ಅದು ಸುಮಾರು 30 ಡಿಗ್ರಿ. ಮೂರು ನೂರು ಕೂಡಿಸು ಮೂವತ್ತು, ಭಾಗಿಸು ನಾಲ್ಕು. ಎಂಬತ್ತೆರಡೂವರೆ. ಪಾತ್ರಿ ಒಂದಿಷ್ಟು ಬಿಸಿ ಎಳ್ಕೊತದ, 80ಕ್ಕ ಬಂದು ನಿಲ್ತದ. ಸಾಕಲ್ಲ?

ಈಗ ಪದ್ಧತಿ. ಒಬ್ಬರಿಗೆ ಒಂದು ಟೀ ಚಮಚ ಎಲಿ, ಸುಮಾರು 2 ಗ್ರಾಂ. ನೀರು 150ರಿಂದ 200 ಮಿಲಿಲೀಟರ್. ಕಪ್ಪಿಗೆ ಮೊದಲು ಒಂದಿಷ್ಟು ಬಿಸಿ ನೀರು ಹಾಕಿ ಕಲಕಿ ಚೆಲ್ರಿ, ಕಪ್ಪು ಬೆಚ್ಚಗಾಗಲಿ. ಎಲಿ ಹಾಕಿ, ಹದವಾದ ನೀರು ಸುರಿದು, ಮ್ಯಾಲ ಒಂದು ಬಸಿ ಮುಚ್ರಿ. ಎರಡು ನಿಮಿಷ. ಮೊಬೈಲಿನ್ಯಾಗ ಟೈಮರ್ ಇಡ್ರಿ, ರೀಲ್ಸ್ ನೋಡ್ತಾ ಕುಂತ್ರ ಎರಡು ನಿಮಿಷ ಹತ್ತು ನಿಮಿಷ ಆಗ್ತದ. ಆಮ್ಯಾಲ ಚಾ ಸೋಸೋ ಜರಡಿಯಿಂದ ಸೋಸ್ರಿ. ಬಣ್ಣ ತಿಳಿ ಹಳದಿ-ಹಸಿರು ಇರಬೇಕು. ಕಂದು ಬಂದ್ರ ಹೊತ್ತು ಹೆಚ್ಚಾಯ್ತು, ಇಲ್ಲಾ ಎಲಿ ಹಳೇದು.

ಸೋಸಿದ ಎಲಿ ಚೆಲ್ಲಬ್ಯಾಡ್ರಿ. ಅದೇ ಎಲಿಗೆ ಎರಡನೇ ಸಲ ನೀರು ಹಾಕಿ ಮೂರು ನಿಮಿಷ ಬಿಡ್ರಿ. ಒಳ್ಳೇ ಎಲಿಯಾದ್ರ ಮೂರನೇ ಸಲಾನೂ ಬರ್ತದ. ಚೀನಾದೊಳಗ ಎಷ್ಟೋ ಮಂದಿ ಜರಡಿನೂ ಬಳಸಂಗಿಲ್ಲ. ಉದ್ದ ಗಾಜಿನ ಗ್ಲಾಸಿಗೆ ಒಂದು ಚಿಟಿಕಿ ಎಲಿ, ಬಿಸಿ ನೀರು, ಎಲಿ ತಳಕ್ಕ ಕುಂತ ಮ್ಯಾಲ ಮೇಲಿಂದ ಗುಟುಕು ಗುಟುಕಾಗಿ ಕುಡೀತಾರ. ಗ್ಲಾಸಿನ್ಯಾಗ ಮೂರನೇ ಒಂದು ಭಾಗ ಉಳಿದಾಗ ಮತ್ತ ನೀರು.

ಇನ್ನೊಂದು ಎಚ್ಚರಿಕೆ. ಚಾ ಸುಡು ಸುಡು ಕುಡಿಯೋದು ನಮ್ಮಲ್ಲಿ ಗಂಡಸ್ತನ ಅನ್ನೋರಿದ್ದಾರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ, 65 ಡಿಗ್ರಿಗಿಂತ ಹೆಚ್ಚು ಬಿಸಿಯ ಪಾನೀಯ ಕುಡಿಯೋದು ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗಬಹುದು ಅಂತ ಹೇಳ್ತು. ಯಾವ ಚಾ ಆದ್ರೂ ಅಷ್ಟೇ. ಸೋಸಿದ ಮ್ಯಾಲ ನಾಲ್ಕು ನಿಮಿಷ ಆರಲಿ.

ಬ್ಯಾಸಿಗಿಯೊಳಗ ಬಿಸಿ ಕಪ್ಪು ಹಿಡಿಯೋ ಮನಸ್ಸಾದ್ರೂ ಹೆಂಗ ಬರ್ತದ ಅಂತೀರಿ. ತಣ್ಣನ ಪದ್ಧತಿನೂ ಅದ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ನಾಲ್ಕೈದು ಚಮಚ ಎಲಿ ಹಾಕಿ, ಮುಚ್ಚಿ, ಫ್ರಿಜ್ಜಿನ್ಯಾಗ ರಾತ್ರಿ ಇಡೋದು. ಮುಂಜಾನಿ ಸೋಸೋದು. ಕಹಿ ಕಡಿಮೆ, ಕೆಫೀನ್ ಕಡಿಮೆ. ಅದೇ ದಿನ ಮುಗಿಸ್ರಿ.

ನಮ್ಮ ನೀರಿನ ಕಥಿ

ಚಾ ಅಂದ್ರ ಬಹುಪಾಲು ನೀರೇ. ಹಂಗಾಗಿ ನೀರಿನ ಮಾತು ಬಿಟ್ಟು ಚಾ ಮಾತಾಡೋದು ಸರಿಯಲ್ಲ.

ನಮ್ಮ ಸೀಮೆ ಸುಣ್ಣಕಲ್ಲಿನ ಸೀಮೆ. ಹುಣಸಗಿ ಕಣಿವೆಯ ಇಸಾಂಪುರದಾಗ ಆದಿಮಾನವರ ಕಲ್ಲಿನ ಆಯುಧ ಸಿಕ್ಕಾವ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಉತ್ಖನನ ಮಾಡ್ತು ಅಂತ ನೀವು ಕೇಳಿರಬಹುದು. ಸುಮಾರು 12 ಲಕ್ಷ ವರ್ಷದ ಹಿಂದಿನವು ಅಂತ ಅಂದಾಜು. ಆ ಆಯುಧ ಮಾಡಿದ್ದು ಸುಣ್ಣಕಲ್ಲಿನ ಹಾಸಿನಿಂದನೇ. ಅಂಥ ಕಲ್ಲಿನ ನಡುವೆ ಇಳಿದ ನೀರಿನೊಳಗ ಸುಣ್ಣದ ಅಂಶ ಕರಗಿ ಬರ್ತದ. ಅದಕ್ಕ ಬೋರಿನ ನೀರು ಗಡಸು. ಬೋಗುಣಿ ತಳಕ್ಕ ಬಿಳಿ ಪದರು ಕಟ್ಟೋದು, ಸಬೂನು ನೊರಿ ಬಿಡದಿರೋದು ಅದರ ಗುರುತು. ಗಡಸು ನೀರಿನಾಗ ಗ್ರೀನ್ ಟೀ ಮಾಡಿದ್ರ ಬಣ್ಣ ಮಂಕಾಗ್ತದ, ಮ್ಯಾಲ ತೆಳ್ಳನ ಕೆನಿಯಂಥ ಪದರು ತೇಲ್ತದ. ಒಂದೆರಡು ಹನಿ ನಿಂಬಿರಸ ಹಿಂಡಿದ್ರ ಪದರು ಕಡಿಮೆ ಆಗ್ತದ.

ಸುಣ್ಣ ಬರೇ ರುಚಿ ಕೆಡಿಸ್ತದ. ಫ್ಲೋರೈಡ್ ಹಂಗಲ್ಲ, ಹಲ್ಲಿಗೆ ಎಲುಬಿಗೆ ಕುಂದ್ರತದ. ಯಾದಗಿರಿ ಜಿಲ್ಲೆಯ ಎಷ್ಟೋ ಹಳ್ಳಿಯ ಬೋರ್‌ವೆಲ್ ನೀರಿನಾಗ ಫ್ಲೋರೈಡ್ ಹೆಚ್ಚದ. ಭಾರತೀಯ ಮಾನಕದ ಪ್ರಕಾರ ಕುಡಿಯೋ ನೀರಿನಾಗ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬ್ಯಾರೆ ನೀರೇ ಇಲ್ಲ ಅಂದಾಗ 1.5 ಮಿಲಿಗ್ರಾಂ ತನಕ ಒಪ್ಪಿಗೆ. ಈಗ ಚಹಾ ಗಿಡದ ಗುಣ ಕೇಳ್ರಿ: ಅದು ಮಣ್ಣಿನೊಳಗಿನ ಫ್ಲೋರೈಡನ್ನ ಹೀರಿ ಎಲಿಯೊಳಗ ಕೂಡಿಡ್ತದ. ಚಿಗುರಿನಾಗ ಕಡಿಮೆ, ಬಲಿತ ಎಲಿಯೊಳಗ ಹೆಚ್ಚು. ಟಿಬೆಟ್, ಒಳ ಮಂಗೋಲಿಯಾ ಕಡೆ ಬಲಿತ ಎಲಿಯನ್ನ ಇಟ್ಟಿಗೆಯಂಗ ಒತ್ತಿ ಮಾಡಿದ ಚಾ ಜೀವಮಾನ ಪೂರ್ತಿ ಕುಡಿದೋರಿಗೆ ಎಲುಬಿನ ಫ್ಲೋರೋಸಿಸ್ ಬಂದದ್ದು ದಾಖಲಾಗ್ಯದ.

ಚಿಗುರೆಲಿಯ ಗ್ರೀನ್ ಟೀ ದಿನಕ್ಕ ಎರಡು ಕಪ್ಪು, ಅದೂ ಒಳ್ಳೇ ನೀರಿನಾಗ ಅಂದ್ರ ಹೆದರಿಕಿ ಬ್ಯಾಡ. ಆದ್ರ ಫ್ಲೋರೈಡ್ ಬೋರಿನ ನೀರಿನಾಗೇ ಮಾಡಿ, ಆರೋಗ್ಯಕ್ಕ ಅಂತ ಐದಾರು ಕಪ್ಪು ಕುಡಿದ್ರ ಎರಡೂ ಕಡೆಯಿಂದ ಕೂಡ್ತದ. ಕುದಿಸಿದ್ರ ಕ್ರಿಮಿ ಸಾಯ್ತಾವ, ಫ್ಲೋರೈಡ್ ಹೋಗಂಗಿಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿ ಆಗ್ತದ. ಆರ್ಸೆನಿಕ್ ಕೂಡ ಹಂಗೇ. ನಮ್ಮ ಪಕ್ಕದ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಬೋರ್‌ವೆಲ್ ನೀರಿನಾಗ ಆರ್ಸೆನಿಕ್ ಸಿಕ್ಕು ಮಂದಿ ಚರ್ಮದ ರೋಗದಿಂದ ನರಳಿದ್ದು ಸಂಶೋಧನಾ ಪತ್ರಿಕೆಗಳಲ್ಲಿ ಬಂದದ. ಅದಕ್ಕ ಚಾಕ್ಕೂ ಕುಡಿಯೋಕೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರೇ ತರ್ರಿ. ಕ್ಯಾನಿನ ನೀರು ಬರೇ ಕುಡಿಯೋಕೆ, ಚಾ ಅಡಿಗಿಗೆ ಬೋರಿನ ನೀರು ಅನ್ನೋ ರೂಢಿ ಎಷ್ಟೋ ಮನಿಯೊಳಗ ಅದ. ಅದನ್ನ ಬಿಡ್ರಿ. ಘಟಕ ಕೆಟ್ಟು ನಿಂತಿದ್ರ ಗ್ರಾಮ ಪಂಚಾಯ್ತಿಗೆ ಹೋಗಿ ಕೇಳ್ರಿ, ಅದು ನಮ್ಮ ಹಕ್ಕು.

ತೂಕದ ಮಾತು

ಈಗ ಎಲ್ಲರೂ ಕಾಯ್ತಿರೋ ಪ್ರಶ್ನೆ. ಮದುವಿ ಗೊತ್ತಾಗ್ಯದ, ಎರಡು ತಿಂಗಳದಾಗ ಎಂಟು ಕೆಜಿ ಇಳಸ್ಬೇಕು, ಗ್ರೀನ್ ಟೀ ಸಾಕಾ?

ಸಾಲಂಗಿಲ್ಲ. ಗ್ರೀನ್ ಟೀ ಮತ್ತು ತೂಕದ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆ 2012ರಲ್ಲಿ ಬಂತು. ದಪ್ಪ ಇದ್ದೋರಲ್ಲಿ ತೂಕ ಇಳಿದದ್ದು ಬಹಳ ಸಣ್ಣದು, ಲೆಕ್ಕಕ್ಕ ಹಿಡಿಯೋ ಅಷ್ಟು ಇಲ್ಲ ಅಂತ ಅದರ ತೀರ್ಮಾನ. ನೇರವಾಗಿ ಹೇಳ್ತೀನಿ: ದಿನಾ ನಾಲ್ಕು ಕಪ್ಪು ಸಕ್ಕರಿ ಹಾಕಿದ ಹಾಲಿನ ಚಾ ಕುಡಿಯೋರು ಅದರಾಗ ಎರಡನ್ನ ಸಕ್ಕರಿ ಇಲ್ಲದ ಗ್ರೀನ್ ಟೀಗೆ ಬದಲಿಸಿದ್ರ ಲಾಭ ಅದ. ಆ ಲಾಭ ಬರೋದು ಎಲಿಯಿಂದ ಅಲ್ಲ, ಹೊಟ್ಟಿಗೆ ಹೋಗದೇ ಉಳಿದ ಸಕ್ಕರಿಯಿಂದ.

‘ಸ್ಲಿಮ್ಮಿಂಗ್ ಟೀ’, ‘ಡಿಟಾಕ್ಸ್ ಟೀ’ ಅಂತ ಆನ್‌ಲೈನ್ ಮಾರೋದ್ರ ಬಗ್ಗೆ ಜಾಗ್ರತೆ. ಡಬ್ಬಿ ಹಿಂದೆ ಸಣ್ಣ ಅಕ್ಷರದಾಗ ಬರೆದ ಪಟ್ಟಿ ಓದ್ರಿ. ಸೆನ್ನಾ ಅಂತ ಇದ್ರ, ಅದು ನಮ್ಮ ಸೋನಾಮುಖಿ. ಭೇದಿಗೆ ಕೊಡೋ ಔಷಧ. ಎರಡು ದಿನದಾಗ ತೂಕ ಇಳಿದಂಗ ಕಾಣೋದು ಮೈಯೊಳಗಿನ ನೀರು ಹೊರಗ ಹೋಗಿದ್ದಕ್ಕ. ಕೊಬ್ಬು ಹಂಗೇ ಕುಂತಿರ್ತದ.

ಗ್ರೀನ್ ಟೀ ಸಾರದ ಮಾತ್ರಿ, ಕ್ಯಾಪ್ಸೂಲ್ ಇನ್ನೂ ಅಪಾಯ. ಎಲಿಯೊಳಗಿನ ಇಜಿಸಿಜಿ ಅನ್ನೋ ಕೆಟೆಚಿನ್ನನ್ನ ಗಟ್ಟಿ ಮಾಡಿ ತುಂಬಿರ್ತಾರ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಪರಿಶೀಲಿಸಿ, ಪೂರಕ ಮಾತ್ರಿಗಳಿಂದ ದಿನಕ್ಕ 800 ಮಿಲಿಗ್ರಾಂ ಇಲ್ಲಾ ಅದಕ್ಕಿಂತ ಹೆಚ್ಚು ಇಜಿಸಿಜಿ ತಗೊಂಡ್ರ ಲಿವರಿಗೆ ಪೆಟ್ಟು ಬೀಳೋ ಲಕ್ಷಣ ಕಾಣ್ತದ ಅಂತ ಹೇಳ್ತು. ಸಾಮಾನ್ಯವಾಗಿ ನೆನೆಸಿ ಕುಡಿಯೋ ಚಾಕ್ಕೆ ಆ ಹೆದರಿಕಿ ಇಲ್ಲ ಅಂತಾನೂ ಹೇಳ್ತು. ಕಪ್ಪಿನಾಗ ಕುಡಿಯೋದು ಸರಿ, ಮಾತ್ರಿಯಾಗಿ ನುಂಗೋದು ಬ್ಯಾಡ.

ಹಂಗಾದ್ರ ಒಳ್ಳೇದು ಏನೂ ಇಲ್ಲೇನು? ಅದ. ಜಪಾನಿನ ಮಿಯಾಗಿ ಪ್ರಾಂತ್ಯದಾಗ 40 ಸಾವಿರಕ್ಕೂ ಹೆಚ್ಚು ಮಂದಿಯನ್ನ ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟ ಆಯ್ತು. ದಿನಕ್ಕ ಐದು ಕಪ್ಪು ಇಲ್ಲಾ ಹೆಚ್ಚು ಗ್ರೀನ್ ಟೀ ಕುಡಿಯೋರಲ್ಲಿ, ಒಂದು ಕಪ್ಪಿಗಿಂತ ಕಡಿಮೆ ಕುಡಿಯೋರಿಗೆ ಹೋಲಿಸಿದ್ರ, ಹೃದಯ ರೋಗ, ಪಾರ್ಶ್ವವಾಯುವಿನ ಸಾವು ಕಡಿಮೆ ಇದ್ವು. ಕ್ಯಾನ್ಸರ್ ಸಾವಿನಾಗ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆದ್ರ ಒಂದು ಮಾತು: ಅವರು ಮೀನು, ತರಕಾರಿ ತಿನ್ನೋ ಮಂದಿ. ಚಾ ಒಂದರಿಂದಲೇ ಹಂಗಾಯ್ತು ಅಂತ ಇಂಥ ಅಧ್ಯಯನದಿಂದ ಸಾಬೀತು ಮಾಡಾಕ ಬರಂಗಿಲ್ಲ. ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯೋದು ಬ್ಯಾರೆ ಪ್ರಯೋಗಗಳಲ್ಲೂ ಕಂಡದ. ಇನ್ನು ಕೆಫೀನ್ ಜೋಡಿ ಥಿಯನಿನ್ ಇರೋದ್ರಿಂದ ಪರೀಕ್ಷಾ ದಿನಗಳಲ್ಲಿ ಓದೋಕೆ ಕುಂತಾಗ ಒಂದು ಕಪ್ಪು ಚಲೋ. ಸಂಜಿ ಆರರ ಮ್ಯಾಲ ಬ್ಯಾಡ, ನಿದ್ದಿ ಕೆಡ್ತದ.

ರಕ್ತದ ಲೆಕ್ಕ

ಈಗ ಮೂರನೇ ಪ್ರಶ್ನೆ. ಅಕ್ಕ-ತಂಗಿ ಇದ್ದೋರು, ಮನಿಯೊಳಗ ಬಸುರಿ ಹೆಣ್ಣುಮಗಳು ಇದ್ದೋರು ಇದನ್ನ ಮಾತ್ರ ಪೂರ್ತಿ ಕೇಳ್ರಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019-21ರದ್ದು. ಅದರ ಪ್ರಕಾರ ಕರ್ನಾಟಕದಾಗ 15ರಿಂದ 49 ವಯಸ್ಸಿನ 100 ಹೆಣ್ಣುಮಕ್ಕಳಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಅಂದ್ರ ಇಬ್ಬರಲ್ಲಿ ಒಬ್ಬರಿಗೆ ಹತ್ತಿರ. ಬೆಳಿಗ್ಗೆ ಎದ್ರ ತಲಿ ತಿರುಗೋದು, ನಾಟಿ ಹೊಲದಾಗ ಬಗ್ಗಿ ಎದ್ರ ಕಣ್ಣು ಕತ್ತಲಿ ಬರೋದು, ಮೆಟ್ಟಿಲು ಹತ್ತಿದ್ರ ಏದುಸಿರು. ‘ಬಿಸಿಲಿಗೆ ಹಂಗಾಗ್ಯದ’ ಅಂತ ಸುಮ್ಮನಾಗ್ತೀವಿ.

ನಮ್ಮ ಊಟದಾಗ ಕಬ್ಬಿಣ ಇಲ್ಲ ಅಂತಲ್ಲ. ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಪುಂಡಿಪಲ್ಯ, ಮೆಂತ್ಯೆಪಲ್ಯ, ಹೆಸರುಕಾಳು ಎಲ್ಲದರಾಗೂ ಅದ. ಆದ್ರ ಸಸ್ಯದಿಂದ ಬರೋ ಕಬ್ಬಿಣ ಮೈಗೆ ಹತ್ತೋದೇ ಕಡಿಮೆ. ಅದರ ಮ್ಯಾಲ ಚಾ ಕುಡಿದ್ರ, ಚಾದೊಳಗಿನ ಒಗರಿನ ಅಂಶ ಆ ಕಬ್ಬಿಣಾನ ಹೊಟ್ಟಿಯೊಳಗೇ ಹಿಡ್ಕೊಂಡು ಬಿಡ್ತದ. ರಕ್ತಕ್ಕ ಸೇರಂಗಿಲ್ಲ. ಹಾಲಿನ ಚಾ ಆಗಲಿ, ಗ್ರೀನ್ ಟೀ ಆಗಲಿ, ಎರಡೂ ಇದೇ ಕೆಲಸ ಮಾಡ್ತಾವ. ಮತ್ತ ನೋಡ್ರಿ, ಗ್ರೀನ್ ಟೀಯೊಳಗ ನಾವು ಹೊಗಳೋ ಆ ಕೆಟೆಚಿನ್ನೇ ಇಲ್ಲಿ ತಕರಾರು ಮಾಡೋದು.

ಇದು ಹೊಸ ಸುದ್ದಿ ಅಲ್ಲ. ದಕ್ಷಿಣ ಆಫ್ರಿಕಾದಾಗ ನೆಲೆಸಿದ ಭಾರತೀಯ ಮೂಲದ ತಾಯಂದಿರ ಮ್ಯಾಲ ನಡೆದ ಪ್ರಯೋಗ 1975ರಲ್ಲೇ ಪ್ರಕಟ ಆಗ್ಯದ. ಬ್ರೆಡ್, ಅನ್ನ-ಸಾರಿನ ಜೋಡಿ ಚಾ ಕುಡಿದಾಗ ಕಬ್ಬಿಣ ಹೀರಿಕೊಳ್ಳೋದು ಬಹಳ ಕುಸಿದಿತ್ತು. 1983ರ ಅಮೆರಿಕದ ಇನ್ನೊಂದು ಪ್ರಯೋಗದಾಗ ಊಟದ ಜೋಡಿ ಒಂದು ಕಪ್ಪು ಚಾ ಕುಡಿದ್ರ ಕಬ್ಬಿಣ ಸೇರೋದು ಶೇಕಡಾ 64ರಷ್ಟು ಕಡಿಮೆ ಆಯ್ತು. ನಮ್ಮ ಐಸಿಎಂಆರ್, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೂಡಿ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೊಳಗೂ ಇದೇ ಹೇಳ್ಯಾರ: ಊಟಕ್ಕ ಕನಿಷ್ಠ ಒಂದು ತಾಸು ಮುಂಚೆ, ಊಟ ಆಗಿ ಒಂದು ತಾಸಿನ ತನಕ ಚಾ-ಕಾಫಿ ಬ್ಯಾಡ. ದಿನದ ಕೆಫೀನ್ 300 ಮಿಲಿಗ್ರಾಂ ದಾಟಬಾರದು ಅಂತಾನೂ ಅದರಾಗ ಅದ.

ಈಗ ನಮ್ಮ ಮನಿಗಳ ದಿನಚರಿ ನೆನಪಿಸ್ಕೊಳ್ರಿ. ಮುಂಜಾನಿ ರೊಟ್ಟಿ ಜೋಡಿ ಚಾ. ಒಗ್ಗರಣಿ-ಮಿರ್ಚಿ ಆದ್ಮ್ಯಾಲ ಚಾ. ಮಧ್ಯಾಹ್ನ ಊಟ ಮಾಡಿದ ಕೂಡಲೇ ‘ಹೊಟ್ಟಿ ಹಗುರ ಆಗ್ತದ’ ಅಂತ ಗ್ರೀನ್ ಟೀ. ತೂಕ ಇಳಸ್ಬೇಕು ಅಂತ ಊಟಾನೂ ಅರ್ಧ ಮಾಡಿದ ಹುಡುಗಿ, ಮ್ಯಾಲ ಮೂರು ಕಪ್ಪು ಗ್ರೀನ್ ಟೀ ಕುಡಿದ್ರ ತಟ್ಟಿಯೊಳಗಿನ ಅಷ್ಟಿಷ್ಟು ಕಬ್ಬಿಣಾನೂ ಹೋಯ್ತು. ಆಶಾ ಕಾರ್ಯಕರ್ತೆ ಮನಿಗೆ ಬಂದು ಕೊಟ್ಟ ಕಬ್ಬಿಣದ ಮಾತ್ರಿಯನ್ನ ಚಾದ ಗುಟುಕಿನ ಜೋಡಿ ನುಂಗೋರೂ ಅದಾರ. ಶಾಲ್ಯಾಗ ವಾರಕ್ಕೊಮ್ಮೆ ನೀಲಿ ಮಾತ್ರಿ ಕೊಡ್ತಿದ್ರಲ್ಲ, ಅದೂ ಕಬ್ಬಿಣದ್ದೇ. ಸರಕಾರ ಕೊಟ್ಟ ಮಾತ್ರಿ, ಆಶಾ ಅಕ್ಕನ ಓಡಾಟ, ಎಲ್ಲಾ ಒಂದು ಕಪ್ಪಿನಾಗ ಮುಳುಗಿ ಹೋಗ್ತದ.

ಮಾಡ್ಬೇಕಾದ್ದು ಕಷ್ಟದ್ದೇನಲ್ಲ. ಮಾತ್ರಿ ನುಂಗೋದು ನೀರಿನ ಜೋಡಿ, ಇಲ್ಲಾ ನಿಂಬಿ ಪಾನಕದ ಜೋಡಿ. ಊಟದಾಗ ಪಲ್ಯದ ಮ್ಯಾಲ ಅರ್ಧ ನಿಂಬಿಹಣ್ಣು ಹಿಂಡ್ರಿ, ನಿಂಬಿಯ ವಿಟಮಿನ್ ಸಿ ಕಬ್ಬಿಣ ಸೇರೋಕೆ ಸಹಾಯ ಮಾಡ್ತದ. ಗ್ರೀನ್ ಟೀಗೆ ಎರಡು ಊಟದ ನಡುವಿನ ಹೊತ್ತು ಇಡ್ರಿ. ಮುಂಜಾನಿ ಹನ್ನೊಂದು, ಸಂಜಿ ನಾಲ್ಕೂವರೆ. ದಿನಕ್ಕ ಎರಡು ಕಪ್ಪು ಸಾಕು. ರಕ್ತಹೀನತೆ ಇದ್ದೋರು, ಬಸುರಿಯರು, ರಕ್ತ ತೆಳು ಮಾಡೋ ಮಾತ್ರಿ ಇಲ್ಲಾ ಬಿಪಿ ಮಾತ್ರಿ ತಗೊಳ್ಳೋರು ಡಾಕ್ಟರಿಗೆ ಕೇಳಿ ಕುಡೀರಿ. ಸುಸ್ತು ಹೆಚ್ಚಿದ್ರ ಸರಕಾರಿ ಆಸ್ಪತ್ರಿಯೊಳಗ ಹಿಮೋಗ್ಲೋಬಿನ್ ನೋಡಿಸ್ರಿ. ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆ, ಬಸುರಿಯರಿಗೆ 11ಕ್ಕಿಂತ ಕಡಿಮೆ ಅಂದ್ರ ರಕ್ತಹೀನತೆ.

ಕೊಳ್ಳೋವಾಗ

ಕೊನಿಗೆ ರೊಕ್ಕದ ಮಾತು. 25 ಟೀ ಬ್ಯಾಗಿನ ಡಬ್ಬಿ 150 ರೂಪಾಯಿ ಅಂತ ಇಟ್ಕೊಳ್ರಿ. ಕಪ್ಪಿಗೆ 6 ರೂಪಾಯಿ. ಬಿಡಿ ಎಲಿ 100 ಗ್ರಾಂಗೆ 200 ರೂಪಾಯಿ ಇದ್ರೂ 2 ಗ್ರಾಂನಂತೆ 50 ಸಲ ಆಗ್ತದ. ಒಂದು ಸಲದ ಎಲಿಗೆ ಎರಡು ಕಪ್ಪು ಬಂದ್ರ 100 ಕಪ್ಪು. ಕಪ್ಪಿಗೆ 2 ರೂಪಾಯಿ. ಬ್ಯಾಗಿನೊಳಗ ಹೆಚ್ಚಾಗಿ ಪುಡಿ-ಚೂರು ಇರ್ತದ, ಬೇಗ ಕಹಿ ಬಿಡ್ತದ. ಬಿಡಿ ಎಲಿ ನೀರಿನಾಗ ಅರಳೋದು ಕಣ್ಣಿಗೆ ಕಾಣ್ತದ.

ಕಣ್ಣು ಕುಕ್ಕೋ ಹಸಿರು ಇದ್ರ ಅನುಮಾನ ಪಡ್ರಿ. ಆಗ ಹೇಳಿದ್ನಲ್ಲ ಫಾರ್ಚೂನ್, ಅವನೇ ಚೀನಾದ ಕಾರ್ಖಾನೆಯೊಳಗ ವಿದೇಶಕ್ಕ ಕಳಿಸೋ ಗ್ರೀನ್ ಟೀಗೆ ನೀಲಿ ಬಣ್ಣ, ಜಿಪ್ಸಂ ಬೆರೆಸೋದು ನೋಡಿ ಬರೆದಿದ್ದ. ಮನಿಯೊಳಗೇ ಪರೀಕ್ಷೆ ಮಾಡ್ಬಹುದು. ಹೀರೋ ಕಾಗದದ ಮ್ಯಾಲ ಒಂದಿಷ್ಟು ಎಲಿ ಹರಡಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತಿಗೆ ಎಲಿ ತೆಗೆದು ಕಾಗದ ತೊಳೆದು ಬೆಳಕಿಗೆ ಹಿಡಿರಿ. ಬಣ್ಣದ ಕಲಿ ಉಳಿದ್ರ ಕಲಬೆರಕಿ. ತಯಾರಿಸಿದ ದಿನಾಂಕ ನೋಡ್ರಿ, ಹಳೇದಾದ್ರ ಹುಲ್ಲಿನ ರುಚಿ. ನಮ್ಮ ಬಿಸಿಲಿಗೆ ಗಾಜಿನ ಬಾಟಲಿಯೊಳಗ ಕಿಟಕಿ ಹತ್ತಿರ ಇಡಬ್ಯಾಡ್ರಿ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ, ಒಲಿಯಿಂದ ದೂರ, ಮಸಾಲಿ ಡಬ್ಬಿಯಿಂದನೂ ದೂರ. ಚಾ ಎಲಿ ಪಕ್ಕದ ವಾಸನೆ ಬೇಗ ಹಿಡೀತದ.

ಇಷ್ಟು ಹೇಳಿ ಮುಗಿಸ್ತೀನಿ. ಈ ಸಂಚಿಕೆಯನ್ನ ಪೂರ್ತಿ ಕಳಿಸದಿದ್ರೂ ರಕ್ತದ ಲೆಕ್ಕದ ಭಾಗಾನ ನಿಮ್ಮ ಮನಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕ್ರಿ. ಅವ್ವ, ಅಕ್ಕ, ಅತ್ತಿಗಿ ಕೇಳಲಿ. ನಿಮ್ಮೂರಿನ ನೀರಿನ ಘಟಕ ನಡೀತದೋ ನಿಂತದೋ ಅನ್ನೋದನ್ನ ವಾಯ್ಸ್ ಮೆಸೇಜ್ ಮಾಡ್ರಿ. ಎಷ್ಟು ಊರಿಂದ ಬರ್ತಾವ ನೋಡ್ಕೊಂಡು ಮುಂದಿನ ಸಂಚಿಕೆ ನೀರಿನ ಮ್ಯಾಲೇ ಮಾಡೋಣ. ಬರ್ತೀನ್ರೀ, ಶರಣು.